ಬಟ್ಟೆಯಲ್ಲಿ ವಿದ್ಯುತ್ ಹರಿಯಲಿ, ಒಗೆದ ಮೇಲೂ ಉಳಿಯಲಿ

ಮಂಡ್ಯ, ಮದ್ದೂರು, ಮಳವಳ್ಳಿಯ ಇಂಜಿನಿಯರಿಂಗ್, ಪಾಲಿಟೆಕ್ನಿಕ್ ಹಾಗೂ ವಿಜ್ಞಾನ ಕಾಲೇಜುಗಳ ಪ್ರೀತಿಯ ವಿದ್ಯಾರ್ಥಿಗಳೇ,

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಯಾವ ವಿಷಯ ಎಂದು ನೀವು ತಂಡ ಕಟ್ಟಿಕೊಂಡು ತಲೆ ಕೆಡಿಸಿಕೊಳ್ಳುವ ಹೊತ್ತಿಗೆ ಈ ಪತ್ರ ನಿಮ್ಮ ಕೈ ಸೇರಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ನಿಮ್ಮಲ್ಲಿ ಒಂದೆರಡು ತಂಡಗಳಾದರೂ ವಿದ್ಯುತ್ ಹರಿಸಬಲ್ಲ ಬಟ್ಟೆಯನ್ನು ಕೈಗೆತ್ತಿಕೊಳ್ಳಿ. ಹತ್ತಿ, ರೇಷ್ಮೆ, ಪಾಲಿಯೆಸ್ಟರ್ ಯಾವುದೂ ವಿದ್ಯುತ್ ಹರಿಸುವುದಿಲ್ಲ. ಆದರೆ ಅವುಗಳ ಎಳೆಯ ಮೇಲೆ ಲೋಹದ್ದೋ, ಇಂಗಾಲದ್ದೋ, ವಿದ್ಯುತ್ ಹರಿಸುವ ಪಾಲಿಮರ್‌ನದ್ದೋ ಒಂದು ತೆಳುವಾದ ಲೇಪ ಕೂತರೆ ಆ ಬಟ್ಟೆಯೇ ತಂತಿಯಾಗುತ್ತದೆ, ಸೆನ್ಸರ್ ಆಗುತ್ತದೆ, ಮೈ ಬೆಚ್ಚಗಿಡುವ ಹೀಟರ್ ಆಗುತ್ತದೆ. ಎದೆಬಡಿತ ಓದುವ ಬನಿಯನ್, ಉಸಿರು ಎಣಿಸುವ ಪಟ್ಟಿ, ಪಾದದ ಯಾವ ಜಾಗದ ಮೇಲೆ ಭಾರ ಹೆಚ್ಚು ಬೀಳುತ್ತಿದೆ ಎಂದು ತಿಳಿಸುವ ಕಾಲುಚೀಲ, ಇವೆಲ್ಲ ನಿಂತಿರುವುದು ಆ ಲೇಪದ ಮೇಲೆ.

ಇದು ಬೆಂಗಳೂರಿನ ದೊಡ್ಡ ಸಂಸ್ಥೆಗಳ ಕೆಲಸ, ನಮ್ಮಂಥ ಊರಿನದಲ್ಲ ಎಂದು ನಿಮಗೆ ಅನ್ನಿಸಬಹುದು. ನಾನು ಅದಕ್ಕೆ ವಿರುದ್ಧವಾದುದನ್ನು ಹೇಳಲು ಹೊರಟಿದ್ದೇನೆ. ಲೇಪ ಹಚ್ಚುವ ರಸಾಯನ ವಿದ್ಯೆ ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ಬೆಳೆದಿದೆ. ಲೇಪ ಹಚ್ಚಿದ ಬಟ್ಟೆ ಮೈಮೇಲೆ ಬಂದು, ಬೆವರಿಗೆ ನೆನೆದು, ಮಡಿಚಿ, ಉಜ್ಜಿ, ಒಗೆಸಿಕೊಂಡು, ಬಿಸಿಲಿಗೆ ಒಣಗಿ, ಮತ್ತೆ ಕೆಲಸ ಮಾಡಬೇಕೆನ್ನುವ ಕಡೆ ಆ ವಿದ್ಯೆ ಇಂದಿಗೂ ಎಡವುತ್ತಿದೆ. ಅಲ್ಲಿ ಬೇಕಾಗಿರುವುದು ನೂಲು ಬಲ್ಲವರ, ಹೊಲಿಗೆ ಬಲ್ಲವರ ಅನುಭವ. ಆ ಅನುಭವ ನಿಮ್ಮ ಕಾಲೇಜಿನಿಂದ ಒಂದು ಗಂಟೆಯ ಬಸ್ ದಾರಿಯೊಳಗೆ ಇದೆ.

ನಮ್ಮ ನೆಲವನ್ನೇ ನೋಡಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತೆಗೆದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಆ ಕಾಲಕ್ಕೆ ಅಷ್ಟು ದೂರದ ಲೈನು ಜಗತ್ತಿನಲ್ಲೇ ಅಪರೂಪ. ಬೆಂಗಳೂರಿಗೆ ಬೀದಿದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಇದೇ ತಾಲ್ಲೂಕಿನಲ್ಲಿ, ಪಕ್ಕದ ಮದ್ದೂರಿನಲ್ಲಿ ಹಿಪ್ಪುನೇರಳೆ ಬೆಳೆಯುತ್ತದೆ. ಹುಳು ಹಣ್ಣಾಗಿ ಚಂದ್ರಿಕೆಗೆ ಹತ್ತಿ ಕಟ್ಟಿದ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಮೇಲುಕೋಟೆಯ ಪಂಚೆ, ಕೊಡಿಯಾಲದ ಸೀರೆ ನಮ್ಮ ಜಿಲ್ಲೆಯ ಮಗ್ಗದವು. ಬೆಳಗಾಗುತ್ತಿದ್ದಂತೆ ಹಳ್ಳಿಹಳ್ಳಿಯಿಂದ ಬಸ್ಸು, ಟೆಂಪೊ ಹತ್ತಿ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರು ನಮ್ಮ ಮನೆಯವರು, ನೆರೆಮನೆಯವರು. ಇನ್ನು ಕಾಲೇಜುಗಳು. ‘ನಿತ್ಯ ಸಚಿವ’ ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ 1962ರಲ್ಲಿ ಮಂಡ್ಯದಲ್ಲಿ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಶುರುವಾದಾಗ ಹಳ್ಳಿ ಮಕ್ಕಳು ಊರು ಬಿಡದೆ ಇಂಜಿನಿಯರ್ ಆಗಲಿ ಎಂಬ ಹಂಬಲ ಅದರ ಹಿಂದೆ ಇತ್ತು. ವಿದ್ಯುತ್ತು, ರೇಷ್ಮೆ, ಹೊಲಿಗೆ, ಕಾಲೇಜು ನಾಲ್ಕೂ ಇರುವ ಜಿಲ್ಲೆಯಲ್ಲಿ ಈ ನಾಲ್ಕನ್ನೂ ಸೇರಿಸುವ ಕೆಲಸ ನಡೆಯಬೇಕು.

ವಿದ್ಯುತ್ ಹರಿಸುವ ಬಟ್ಟೆ ನಮಗೆ ಹೊಸದೂ ಅಲ್ಲ. ನಿಮ್ಮ ಅಮ್ಮನ ಧಾರೆ ಸೀರೆಯ ಅಂಚನ್ನು ನೋಡಿ. ಅಸಲಿ ಜರಿ ಎಂದರೆ ರೇಷ್ಮೆ ಎಳೆಯ ಸುತ್ತ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟದ್ದು. 1912ರಲ್ಲಿ ಶುರುವಾದ ಮೈಸೂರು ರೇಷ್ಮೆ ಕಾರ್ಖಾನೆಯ ಸೀರೆಗಳ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತಿ ಸಲೀಸಾಗಿ ಹರಿಸುವುದು ಬೆಳ್ಳಿ. ತಾಮ್ರದ್ದು ಎರಡನೆಯ ಸ್ಥಾನ. ಅಂದ ಮೇಲೆ ಅಸಲಿ ಜರಿ ಎಳೆ ಒಳ್ಳೆಯ ವಾಹಕ. ಮಲ್ಟಿಮೀಟರಿನ ಎರಡು ಮೊನೆಗಳನ್ನು ಹಗುರವಾಗಿ ಅಂಚಿಗೆ ತಾಗಿಸಿದರೆ ಸಾಕು, ಗೊತ್ತಾಗುತ್ತದೆ. ಪ್ಲಾಸ್ಟಿಕ್ ಜರಿಗೆ ಹೊಳಪು ಇದ್ದರೂ ಅದರ ತೆಳು ಲೋಹದ ಪದರದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಮೀಟರಿನ ಮುಳ್ಳು ಸಾಮಾನ್ಯವಾಗಿ ಅಲುಗುವುದೇ ಇಲ್ಲ. ಹೊಳಪು ಬೇರೆ, ವಾಹಕತೆ ಬೇರೆ ಎಂಬ ಮೊದಲ ಪಾಠ ಇಲ್ಲೇ ಸಿಗುತ್ತದೆ.

ಜರಿಯನ್ನು ನಾವು ಸೀರೆಯಂಚಾಗಿ ಮಾತ್ರ ನೋಡಿದೆವು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ರೆಮಿ ಪೋಸ್ಟ್ ಮತ್ತು ಮ್ಯಾಗಿ ಆರ್ಥ್ ಬೇರೊಂದು ಕಣ್ಣಿನಿಂದ ನೋಡಿದರು. 1997ರಲ್ಲಿ ಅವರು ಬಟ್ಟೆಯ ಮೇಲೆ ಎಲೆಕ್ಟ್ರಾನಿಕ್ ಸರ್ಕಿಟ್ ಕಟ್ಟುವ ಬಗ್ಗೆ ಬರೆದ ಪ್ರಬಂಧದಲ್ಲಿ ಆರಿಸಿಕೊಂಡ ಬಟ್ಟೆಗಳಲ್ಲಿ ಒಂದು, ಲೋಹದ ತೆಳು ಪಟ್ಟಿ ಸುತ್ತಿದ ಎಳೆಗಳನ್ನು ಅಡ್ಡಕ್ಕೆ ಹಾಕಿ ನೇಯ್ದ ರೇಷ್ಮೆ ಆರ್ಗಾಂಜಾ. ಅದು ಭಾರತದಲ್ಲಿ ಕನಿಷ್ಠ ಒಂದು ಶತಮಾನದಿಂದ ತಯಾರಾಗುತ್ತಿದೆ ಎಂಬುದನ್ನು ಅವರೇ ಅದರಲ್ಲಿ ದಾಖಲಿಸಿದ್ದಾರೆ. ಒಳಗಿನ ರೇಷ್ಮೆ ಗಟ್ಟಿ, ಶಾಖ ತಡೆಯುತ್ತದೆ, ಕೈಗಾರಿಕಾ ಯಂತ್ರದಲ್ಲಿ ಹೊಲಿಯಬಹುದು ಎಂಬುದು ಅವರಿಗೆ ಹಿಡಿಸಿದ ಗುಣಗಳು. ಅದೇ ಕಾಲಕ್ಕೆ ಅದೇ ದೇಶದ ಜಾರ್ಜಿಯಾ ಟೆಕ್‌ನಲ್ಲಿ ಭಾರತ ಮೂಲದ ಸುಂದರೇಶನ್ ಜಯರಾಮನ್ ಅವರ ತಂಡ ಗಾಯಗೊಂಡ ಸೈನಿಕರ ಸ್ಥಿತಿ ತಿಳಿಸುವ ಅಂಗಿಯನ್ನು ನೇಯುತ್ತಿತ್ತು. ನೇಯ್ಗೆಯೂ ಎಲೆಕ್ಟ್ರಾನಿಕ್ಸೂ ಒಂದಾದಾಗ ಹುಟ್ಟಿದ ವಿದ್ಯೆ ಇದು.

ಜರಿಯ ತೊಂದರೆ ಎಂದರೆ ತೂಕ ಮತ್ತು ಬೆಲೆ. ದಿನನಿತ್ಯ ಉಡುವ ಬನಿಯನ್ನಿಗೆ ಅದು ಒಗ್ಗದು. ಹಾಗಾಗಿ ಎಳೆಯ ಮೇಲೆ ತೆಳು ಲೇಪ ಕೂರಿಸುವ ದಾರಿಗಳು ಬಂದವು. ನಿಮಗೆ ತಿಳಿದಿರಬೇಕಾದವು ನಾಲ್ಕು.

ಮೊದಲನೆಯದು, ರಾಸಾಯನಿಕ ಕ್ರಿಯೆಯಿಂದಲೇ ಲೋಹ ಕೂರಿಸುವುದು. ನೈಲಾನ್ ಬಟ್ಟೆಯನ್ನು ಬೆಳ್ಳಿಯ ಲವಣದ ದ್ರಾವಣದಲ್ಲಿ ಇಟ್ಟು, ಅಪಕರ್ಷಕ ಬೆರೆಸಿದರೆ ಎಳೆಎಳೆಗೂ ಬೆಳ್ಳಿ ಕೂರುತ್ತದೆ. ಪಿಯುಸಿ ಪ್ರಯೋಗಾಲಯದಲ್ಲಿ ಗ್ಲೂಕೋಸ್ ಹಾಕಿ ಪ್ರನಾಳದ ಒಳಗೋಡೆಯನ್ನು ಕನ್ನಡಿಯಾಗಿಸಿದ ಟಾಲೆನ್ಸ್ ಪರೀಕ್ಷೆ ನೆನಪಿದೆಯಲ್ಲವೇ? ತತ್ವ ಅದೇ. ವಾಹಕತೆ ಬಹಳ ಚೆನ್ನಾಗಿ ಬರುತ್ತದೆ, ಖರ್ಚೂ ಬರುತ್ತದೆ. ಎರಡನೆಯದು, ಇಂಗಾಲ. ಕಾರ್ಬನ್ ಬ್ಲ್ಯಾಕ್ ಪುಡಿಯನ್ನು ಅಂಟಿನಲ್ಲಿ ಕಲಸಿ ಸ್ಕ್ರೀನ್ ಪ್ರಿಂಟ್ ಮಾಡುವುದು, ಇಲ್ಲವೇ ಗ್ರಾಫೀನ್ ಆಕ್ಸೈಡ್ ದ್ರಾವಣದಲ್ಲಿ ಬಟ್ಟೆ ಅದ್ದಿ ವಿಟಮಿನ್ ಸಿಯಂಥ ಅಪಕರ್ಷಕದಿಂದ ಅದನ್ನು ವಾಹಕ ರೂಪಕ್ಕೆ ತರುವುದು. ಕಾರ್ಬನ್ ಬ್ಲ್ಯಾಕ್ ಅಗ್ಗ. ಆದರೆ ಇಂಗಾಲದ ಲೇಪಗಳ ರೋಧ ಬೆಳ್ಳಿಗಿಂತ ಬಹಳ ಹೆಚ್ಚು. ಮೂರನೆಯದು, ಪಾಲಿಪಿರೋಲ್. ಪಿರೋಲ್ ದ್ರವಕ್ಕೆ ಫೆರಿಕ್ ಕ್ಲೋರೈಡ್ ಸೇರಿಸಿದಾಗ ಪಾಲಿಮರ್ ಬಟ್ಟೆಯ ಎಳೆಯ ಮೇಲೆಯೇ ಬೆಳೆಯುತ್ತದೆ, ಬಟ್ಟೆ ಕಪ್ಪಾಗುತ್ತದೆ. ಗಾಳಿಗೆ ತೆರೆದಿಟ್ಟರೆ ತಿಂಗಳುಗಳು ಕಳೆದಂತೆ ಅದರ ವಾಹಕತೆ ಇಳಿಯುತ್ತದೆ.

ನಾಲ್ಕನೆಯದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಅದು ನಮ್ಮ ರೇಷ್ಮೆಗೆ ಹೊಂದುತ್ತದೆ. ಪ್ಲಾಸ್ಟಿಕ್ ಎಂದರೆ ವಿದ್ಯುತ್ ತಡೆಯುವ ವಸ್ತು ಎಂಬ ನಂಬಿಕೆಯನ್ನು 1977ರಲ್ಲಿ ಶಿರಾಕಾವಾ, ಮ್ಯಾಕ್‌ಡಿಯರ್ಮಿಡ್, ಹೀಗರ್ ಮುರಿದರು. ಅವರಿಗೆ 2000ದಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. ವಿದ್ಯುತ್ ಹರಿಸುವ ಪಾಲಿಮರ್‌ಗಳ ಕುಟುಂಬದಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಪೆಡಾಟ್–ಪಿಎಸ್‌ಎಸ್ ಎಂಬ ಗಾಢ ನೀಲಿಯ ಪಾಲಿಮರ್. ನೀರಿನಲ್ಲಿ ಹರಡಿಕೊಂಡ ರೂಪದಲ್ಲಿ ಬಾಟಲಿಯಲ್ಲಿ ಸಿಗುತ್ತದೆ, ಸ್ವಲ್ಪ ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ವಾಹಕತೆ ಹಲವು ಪಟ್ಟು ಏರುತ್ತದೆ. ಜಪಾನಿನ ಎನ್‌ಟಿಟಿ ಸಂಸ್ಥೆಯ ವಿಜ್ಞಾನಿಗಳು 2012ರಲ್ಲಿ ಇದನ್ನು ರೇಷ್ಮೆ ಎಳೆಗಳಿಗೆ ಕೂರಿಸಿ, ದೇಹದ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಮಾಡಿ ತೋರಿಸಿದರು. 2017ರಲ್ಲಿ ಸ್ವೀಡನ್ನಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು ರೇಷ್ಮೆ ನೂಲಿಗೆ ಇದನ್ನೇ ಬಣ್ಣದಂತೆ ಹಿಡಿಸಿ, ಯಂತ್ರದಲ್ಲಿ ಒಗೆದರೂ ಉಳಿಯುವ ವಾಹಕ ನೂಲನ್ನು ಹತ್ತಾರು ಮೀಟರ್ ಉದ್ದಕ್ಕೆ ತಯಾರಿಸಿದರು.

ರೇಷ್ಮೆಯೇ ಏಕೆ? ಬಣ್ಣದ ಮನೆಯವರನ್ನು ಕೇಳಿ, ಹುಳಿ ಹಾಕಿದ ನೀರಿನಲ್ಲಿ ರೇಷ್ಮೆ ಆಸಿಡ್ ಬಣ್ಣವನ್ನು ಬೇಗ ಹೀರಿಕೊಳ್ಳುತ್ತದೆ ಎನ್ನುತ್ತಾರೆ. ರೇಷ್ಮೆಯ ಪ್ರೋಟೀನಿನಲ್ಲಿರುವ ಅಮೈನ್ ಗುಂಪುಗಳು ಹುಳಿ ದ್ರಾವಣದಲ್ಲಿ ಧನ ಆವೇಶ ಪಡೆಯುತ್ತವೆ. ಬಣ್ಣದ ಸಲ್ಫೊನೇಟ್ ಗುಂಪು ಋಣ ಆವೇಶದ್ದು. ಎರಡೂ ಒಂದನ್ನೊಂದು ಹಿಡಿಯುತ್ತವೆ. ಪಿಎಸ್‌ಎಸ್‌ನಲ್ಲಿ ಇರುವುದೂ ಸಲ್ಫೊನೇಟ್ ಗುಂಪುಗಳೇ. ಹೀಗಾಗಿ ನಮ್ಮ ಬಣ್ಣಗಾರರ ನಿತ್ಯದ ಅನುಭವ ಈ ಹೊಸ ವಿದ್ಯೆಗೆ ನೇರ ದಾರಿ. ಅವರು ಬಣ್ಣಕ್ಕೆ ಮುಂಚೆ ನೂಲನ್ನು ಸೋಪಿನ ನೀರಿನಲ್ಲಿ ಬೇಯಿಸಿ ಸೆರಿಸಿನ್ ಅಂಟು ಬಿಡಿಸುತ್ತಾರೆ. ಹಸಿ ರೇಷ್ಮೆಯ ತೂಕದಲ್ಲಿ ಕಾಲು ಭಾಗದಷ್ಟು ಈ ಅಂಟೇ ಇರುತ್ತದೆ. ಅಂಟು ಪೂರ್ತಿ ಬಿಡಿಸಿದ ನೂಲಿಗೂ ಅರ್ಧ ಬಿಡಿಸಿದ ನೂಲಿಗೂ ಲೇಪ ಹಿಡಿಯುವುದರಲ್ಲಿ ಎಷ್ಟು ವ್ಯತ್ಯಾಸ? ಮಿಶ್ರತಳಿ ಗೂಡಿನ ನೂಲಿಗೂ ದ್ವಿತಳಿ ಗೂಡಿನ ನೂಲಿಗೂ ಎಷ್ಟು? ಒಂದು ಸೆಮಿಸ್ಟರಿನಲ್ಲಿ ಅಳೆದು ಉತ್ತರ ಹೇಳಬಹುದಾದ ಪ್ರಶ್ನೆಗಳಿವು. ನೂಲು ಕೊಡಲು ರೀಲರುಗಳು ಹತ್ತಿರದಲ್ಲೇ ಇದ್ದಾರೆ, ಸಲಹೆ ಕೇಳಲು ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಇದೆ.

ಅಳೆಯುವುದು ಹೇಗೆ ಎಂಬುದು ಬಹಳ ಮುಖ್ಯ. ‘ನಮ್ಮ ಬಟ್ಟೆ ವಿದ್ಯುತ್ ಹರಿಸುತ್ತದೆ’ ಎಂದು ಎಲ್‌ಇಡಿ ಬೆಳಗಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಅದರಿಂದ ಏನೂ ತಿಳಿಯುವುದಿಲ್ಲ. ತೆಳು ಲೇಪದ ರೋಧವನ್ನು ಚೌಕಕ್ಕೆ ಇಷ್ಟು ಓಮ್ ಎಂದು ಹೇಳುತ್ತಾರೆ. ನಮ್ಮ ವಿ.ಸಿ. ನಾಲೆಯ ತೂಬಿನಿಂದ ಹೊರಟ ಕಾಲುವೆ ಕಿರಿದಾಗಿ ಉದ್ದವಾದಷ್ಟೂ ಕೊನೆಯ ಗದ್ದೆಗೆ ನೀರು ಕಡಿಮೆಯಾಗುವಂತೆ, ಬಟ್ಟೆಯ ಪಟ್ಟಿ ಕಿರಿದಾಗಿ ಉದ್ದವಾದಷ್ಟೂ ರೋಧ ಏರುತ್ತದೆ. ಒಂದು ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಪಟ್ಟಿಯಲ್ಲಿ 30 ಚೌಕಗಳಿವೆ. ಲೇಪದ ರೋಧ ಚೌಕಕ್ಕೆ 10 ಓಮ್ ಆದರೆ ಪಟ್ಟಿಯ ರೋಧ 300 ಓಮ್. ಅಗಲವನ್ನು ಮೂರು ಸೆಂಟಿಮೀಟರ್ ಮಾಡಿದರೆ 100 ಓಮ್‌ಗೆ ಇಳಿಯುತ್ತದೆ. ಮಲ್ಟಿಮೀಟರಿನ ಮೊನೆ ಬಟ್ಟೆಗೆ ತಾಗುವ ಜಾಗದಲ್ಲೇ ರೋಧ ಸೇರಿಕೊಳ್ಳುವುದರಿಂದ ನಾಲ್ಕು ಮೊನೆಯ ಅಳತೆ ಕಲಿಯಿರಿ. ಹೊರಗಿನ ಎರಡರಲ್ಲಿ ವಿದ್ಯುತ್ ಹರಿಸಿ ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆದರೆ ಆ ದೋಷ ಕಳೆಯುತ್ತದೆ.

ಆ 300 ಓಮ್ ಪಟ್ಟಿ ಒಳ್ಳೆಯದೋ ಕೆಟ್ಟದ್ದೋ? ಕೆಲಸ ಯಾವುದು ಎಂಬುದರ ಮೇಲೆ ಉತ್ತರ. ಐದು ವೋಲ್ಟ್‌ನ ಪವರ್ ಬ್ಯಾಂಕ್ ಜೋಡಿಸಿ ಬೆನ್ನಿಗೆ ಶಾಖ ಕೊಡಬೇಕೆಂದರೆ ಅದರಲ್ಲಿ ಹುಟ್ಟುವುದು ಒಂದು ವಾಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ, ಏನೇನೂ ಸಾಲದು. ಅದೇ ಐದು ಓಮ್‌ನ ಬಟ್ಟೆಯಾದರೆ ಐದು ವಾಟ್ ಸಿಗುತ್ತದೆ, ಬೆಚ್ಚಗಾಗುತ್ತದೆ. ಎದೆಬಡಿತದ ಸಂಕೇತ ಒಯ್ಯಲಿಕ್ಕೆ ಮಾತ್ರ 300 ಓಮ್ ಧಾರಾಳ ಸಾಕು. ಇಸಿಜಿ ಸಂಕೇತ ಒಂದು ಮಿಲಿವೋಲ್ಟ್ ಆಸುಪಾಸಿನದು. ಅದನ್ನು ಓದುವ ಆಂಪ್ಲಿಫೈಯರಿನ ಒಳಬದಿಯ ರೋಧ ಲಕ್ಷಾಂತರ ಓಮ್ ಇರುವಾಗ ಪಟ್ಟಿಯ 300 ಓಮ್ ಲೆಕ್ಕಕ್ಕೇ ಬಾರದು. ಅಲ್ಲಿ ಕಾಡುವುದು ಚರ್ಮಕ್ಕೂ ಬಟ್ಟೆಗೂ ನಡುವಿನ ಒಣ ಸಂಪರ್ಕ, ಮೈ ಅಲುಗಿದಾಗ ಸಂಕೇತದಲ್ಲಿ ಬರುವ ಏರುಪೇರು. ಆದ್ದರಿಂದ ಮೊದಲು ಕೆಲಸ ಗೊತ್ತುಮಾಡಿ, ಆಮೇಲೆ ಲೇಪ ಆರಿಸಿ. ದುಬಾರಿ ಬೆಳ್ಳಿ ಬೇಕಿಲ್ಲದ ಕಡೆ ಅಗ್ಗದ ಇಂಗಾಲವೇ ಸಾಕಾದೀತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. 2017ರಲ್ಲಿ ಗೂಗಲ್ ಮತ್ತು ಲೀವೈಸ್ ಸೇರಿ ತೋಳಿನ ಅಂಚಿನಲ್ಲಿ ವಾಹಕ ನೂಲು ನೇಯ್ದ ಜಾಕೆಟ್ ಮಾರುಕಟ್ಟೆಗೆ ತಂದವು. ತೋಳು ಸವರಿದರೆ ಫೋನು ಮಾತು ಕೇಳುತ್ತಿತ್ತು. ಆ ಜಾಕೆಟ್ಟಿಗೆ ಹೇಳಲಾದ ಆಯಸ್ಸು ಹತ್ತು ಒಗೆತ. 2023ರಲ್ಲಿ ಗೂಗಲ್ ಆ ಯೋಜನೆಯನ್ನೇ ಮುಚ್ಚಿತು. ಜಗತ್ತಿನ ದೊಡ್ಡ ಕಂಪನಿಗಳಿಗೂ ಒಗೆತ ಎಷ್ಟು ದೊಡ್ಡ ಸವಾಲು ಎಂಬುದನ್ನು ಇಲ್ಲಿ ಕಾಣಬಹುದು. ಬಟ್ಟೆ ಒಗೆಯುವ ಪರೀಕ್ಷೆಗೆ ಐಎಸ್‌ಒ 6330 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದು ವಾಷಿಂಗ್ ಮೆಷಿನ್ನಿನ ಲೋಕದ್ದು. ನಮ್ಮ ಹಳ್ಳಿಯಲ್ಲಿ ಬಟ್ಟೆಯನ್ನು ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ನೆನೆಸಿ, ಬಾರ್ ಸೋಪು ತಿಕ್ಕಿ, ಬ್ರಷ್ ಉಜ್ಜಿ, ಕಲ್ಲಿಗೆ ಬಡಿದು, ಹಿಂಡಿ, ಸುಡುಬಿಸಿಲಿಗೆ ಹರವುತ್ತಾರೆ. ಈ ಒಗೆತ ತಡೆಯದ ಸ್ಮಾರ್ಟ್ ಬಟ್ಟೆ ನಮ್ಮವರಿಗೆ ಉಪಯೋಗವಿಲ್ಲ.

ಇಲ್ಲಿಯೇ ನಿಮ್ಮ ದೊಡ್ಡ ಕೊಡುಗೆ ಸಾಧ್ಯ. ಬೆಳ್ಳಿ, ಇಂಗಾಲ, ಪಾಲಿಪಿರೋಲ್, ಪೆಡಾಟ್ ನಾಲ್ಕೂ ಲೇಪಗಳ ತುಂಡುಗಳನ್ನು ತೆಗೆದುಕೊಳ್ಳಿ. ಒಂದು ಗುಂಪನ್ನು ಮಾನದಂಡದ ಪ್ರಕಾರ ಮೆಷಿನ್ನಿನಲ್ಲಿ, ಇನ್ನೊಂದು ಗುಂಪನ್ನು ಒಗೆಯುವ ಕಲ್ಲಿನ ಮೇಲೆ ಒಗೆಯಿರಿ. ಒಗೆಯುವ ಮುಂಚೆ, ಒಂದು, ಐದು, ಹತ್ತು, ಇಪ್ಪತ್ತು ಒಗೆತಗಳ ನಂತರ ರೋಧ ಅಳೆದು ಪಟ್ಟಿ ಮಾಡಿ. ನೀರಿನ ಗಡಸುತನ, ಸೋಪಿನ ಬಗೆ, ಒಣಗಿಸಿದ ಕ್ರಮ ಎಲ್ಲವನ್ನೂ ಬರೆದಿಡಿ. ಕೆಟ್ಟ ಫಲಿತಾಂಶ ಬಂದರೂ ಮುಚ್ಚಿಡಬೇಡಿ. ಯಾವ ಲೇಪ ಎಷ್ಟನೆಯ ಒಗೆತಕ್ಕೆ ಸತ್ತಿತು ಎಂಬ ಪ್ರಾಮಾಣಿಕ ಪಟ್ಟಿ, ಮಿನುಗುವ ಹತ್ತು ಮಾದರಿಗಳಿಗಿಂತ ಬೆಲೆಯುಳ್ಳದ್ದು.

ಹೊಲಿಗೆಯ ಅಕ್ಕಂದಿರ ನೆರವು ನಿಮಗೆ ಬೇಕೇ ಬೇಕಾಗುವುದು ಇದರ ಮುಂದಿನ ಹಂತದಲ್ಲಿ. ವಾಹಕ ದಾರವನ್ನು ಸೂಜಿಗೆ ಏರಿಸಿ ಹೊಲಿದರೆ, ಆ ದಾರದ ಪ್ರತಿ ತುಂಡೂ ಹೊಲಿಗೆಯಾಗಿ ಕೂರುವ ಮುಂಚೆ ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಹಿಂದೆ ಮುಂದೆ ಉಜ್ಜಿಕೊಳ್ಳುತ್ತದೆ, ಟೆನ್ಷನ್ ಬಿಲ್ಲೆಗಳ ನಡುವೆ ಸವೆಯುತ್ತದೆ, ಲೇಪ ಕಿತ್ತು ಬರುತ್ತದೆ. ಅದೇ ದಾರವನ್ನು ಬಾಬಿನ್‌ಗೆ ಸುತ್ತಿದರೆ ಈ ಹಿಂಸೆ ಬಹುಪಾಲು ತಪ್ಪುತ್ತದೆ. ಹಿಗ್ಗುವ ಬನಿಯನ್ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಎಳೆದಾಗ ದಾರ ಕತ್ತರಿಸುತ್ತದೆ, ಜಿಗ್‌ಜಾಗ್ ಹಾಕಿದರೆ ಬಟ್ಟೆಯೊಂದಿಗೆ ತಾನೂ ಹಿಗ್ಗುತ್ತದೆ. ಟಿಚ್ ಬಟನ್ ಕೂರುವ ಕಡೆ, ಮೆತ್ತನೆಯ ಬಟ್ಟೆ ಮುಗಿದು ಗಟ್ಟಿ ಲೋಹ ಶುರುವಾಗುವ ಅಂಚಿನಲ್ಲಿ, ಮೊದಲು ಬಿರುಕು ಬಿಡುತ್ತದೆ. ಅಲ್ಲಿ ಒಳಗೆ ಇನ್ನೊಂದು ಪದರ ಇಟ್ಟು ಬಾರ್‌ಟ್ಯಾಕ್ ಹಾಕಬೇಕು. ಯಾವ ಸೀಮು ಕಂಕುಳಲ್ಲಿ ಉಜ್ಜುತ್ತದೆ, ಯಾವುದು ಸೊಂಟದಲ್ಲಿ ಮಡಿಚಿಕೊಳ್ಳುತ್ತದೆ ಎಂಬುದು ದಿನಕ್ಕೆ ನೂರಾರು ಪೀಸು ಹೊಲಿಯುವ ಆಕೆಗೆ ಕೈಗತವಾದ ವಿದ್ಯೆ. ಸಾಫ್ಟ್‌ವೇರಿನಲ್ಲಿ ವಾರಗಟ್ಟಲೆ ಲೆಕ್ಕ ಹಾಕಿ ಕಂಡುಕೊಳ್ಳುವ ಉತ್ತರವನ್ನು ಆಕೆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಹೇಳಬಲ್ಲಳು. ಭಾನುವಾರ ಅವರ ಮನೆಗೆ ಹೋಗಿ, ಗೌರವದಿಂದ ಕೇಳಿ. ಅವರ ಹೊತ್ತಿಗೆ ತಕ್ಕ ಕೂಲಿ ಕೊಡಿ. ಪ್ರಾಜೆಕ್ಟ್ ವರದಿಯಲ್ಲಿ, ಅವರು ಒಪ್ಪಿದರೆ, ಅವರ ಹೆಸರನ್ನು ನಿಮ್ಮ ಹೆಸರುಗಳ ಜೊತೆಯಲ್ಲೇ ಬರೆಯಿರಿ. ಪೇಟೆಂಟ್ ಆಗುವಂಥದ್ದು ಅವರಿಂದ ಬಂದರೆ ಅದರಲ್ಲಿ ಅವರಿಗೂ ಪಾಲಿರಬೇಕು.

ಯಾರಿಗಾಗಿ ಮಾಡಬೇಕು ಎಂಬುದಕ್ಕೂ ನಮ್ಮ ಸುತ್ತಲೇ ಉತ್ತರಗಳಿವೆ. ಆಲೆಮನೆಗೆ ಹೋಗಿ ನೋಡಿ. ಸುಮಾರು 118 ಡಿಗ್ರಿಯಲ್ಲಿ ಪಾಕ ಕುದಿಯುವ ಕೊಪ್ಪರಿಗೆಯ ಪಕ್ಕ ನಿಂತು ಕದಡುವವರು, ಒಲೆಯ ಬಾಯಿಗೆ ಒಣ ಕಬ್ಬಿನ ಸಿಪ್ಪೆ ತುಂಬುವವರು ದಿನವಿಡೀ ಉರಿಯಲ್ಲಿ ದುಡಿಯುತ್ತಾರೆ. ಅವರ ಎದೆಬಡಿತ, ಚರ್ಮದ ತಾಪ ಅಪಾಯದ ಗೆರೆ ಮುಟ್ಟಿದಾಗ ಬೀಪ್ ಎನ್ನುವ ಒಂದು ಬನಿಯನ್ ಜೀವ ಉಳಿಸಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಹುಣ್ಣು ಆಗುವ ಮೊದಲೇ ಒತ್ತಡದ ಜಾಗ ತೋರಿಸುವ ಕಾಲುಚೀಲ ಬೇಕು. ಅದಕ್ಕೆ ಚೌಕಕ್ಕೆ ನೂರಾರು ಓಮ್ ಇರುವ ಅಗ್ಗದ ಇಂಗಾಲದ ಲೇಪವೇ ಸಾಕು, ಒತ್ತಿದಾಗ ರೋಧ ಬದಲಾಗುವುದನ್ನು ಓದಿದರಾಯಿತು. ಮನುಷ್ಯರ ಮೇಲೆ ಪ್ರಯೋಗ ಮಾಡುವ ಮುನ್ನ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಕಡೆಯ ವೈದ್ಯರನ್ನು ಜೊತೆಗೆ ಸೇರಿಸಿಕೊಂಡು ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ಬ್ಯಾಟರಿಯಲ್ಲಿ ಮಾತ್ರ ನಡೆಯಲಿ. ಮೈಗೆ ತಾಗುವ ಬಟ್ಟೆಯನ್ನು ಯಾವ ಕಾರಣಕ್ಕೂ ಗೋಡೆಯ ಪ್ಲಗ್ಗಿಗೆ ಜೋಡಿಸಿದ ಉಪಕರಣದೊಂದಿಗೆ ಸೇರಿಸಬೇಡಿ.

ಮೂರು ಎಚ್ಚರಿಕೆಗಳನ್ನು ಹೇಳಲೇಬೇಕು.

ಒಂದು, ಪ್ರಯೋಗಾಲಯದ ಸುರಕ್ಷತೆ. ಅಮೋನಿಯಾ ಬೆರೆಸಿದ ಬೆಳ್ಳಿಯ ದ್ರಾವಣವನ್ನು ನಾಳೆಗೆಂದು ಎತ್ತಿಡಬಾರದು. ಇಟ್ಟರೆ ಸಿಡಿಯುವ ಸಂಯುಕ್ತ ಅದರಲ್ಲಿ ಕೂಡಿಕೊಳ್ಳುತ್ತದೆ. ಬೇಕಾದಷ್ಟೇ ಮಾಡಿ, ಅಧ್ಯಾಪಕರ ಎದುರಿಗೆ ಬಳಸಿ, ಉಳಿದದ್ದನ್ನು ಅವರು ಹೇಳಿದಂತೆ ಆಮ್ಲ ಬೆರೆಸಿ ನಿರುಪದ್ರವ ಮಾಡಿ. ಪಿರೋಲ್ ವಿಷಕಾರಿ, ಫ್ಯೂಮ್ ಹುಡ್ ಇಲ್ಲದೆ ಅದರ ಗೋಜಿಗೆ ಹೋಗಬೇಡಿ.

ಎರಡು, ನೀರು. ಮದ್ದೂರಿನ ಮಗ್ಗುಲಲ್ಲಿ ಹರಿಯುವ ಶಿಂಷಾ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಳ್ಳಿಯ ಕಣ ನೀರಿನ ಸೂಕ್ಷ್ಮಜೀವಿಗಳಿಗೆ ವಿಷ. ಲೇಪದ ತೊಳೆನೀರು ಚರಂಡಿ ಸೇರಬಾರದು, ಪಾತ್ರೆಯಲ್ಲಿ ಹಿಡಿದು ಬೆಳ್ಳಿಯನ್ನು ಉಪ್ಪಿನಿಂದ ಗರಣೆಗಟ್ಟಿಸಿ ಬೇರ್ಪಡಿಸಿ. ಒಗೆದಾಗ ಬಟ್ಟೆಯಿಂದ ಎಷ್ಟು ಬೆಳ್ಳಿ ಬಿಟ್ಟುಹೋಯಿತು ಎಂಬುದೂ ನಿಮ್ಮ ಪಟ್ಟಿಯಲ್ಲಿ ಒಂದು ಕಾಲಮ್ ಆಗಲಿ. ಬಣ್ಣದ ಕೊಳೆ ಹೊತ್ತ ನದಿಗಳ ಕಥೆ ನಮ್ಮ ನಾಡಿನಲ್ಲಿ ಸಾಕಷ್ಟು ಇದೆ, ಇನ್ನೊಂದು ಸೇರಿಸುವುದು ಬೇಡ.

ಮೂರು, ಮಾಹಿತಿಯ ಒಡೆತನ. ಹೊಲಿಗೆಯ ಲೈನಿನಲ್ಲಿ ಕೂತ ಹೆಣ್ಣುಮಗಳ ಉಸಿರು, ಎದೆಬಡಿತ, ಎದ್ದು ಹೋದ ಹೊತ್ತು ಎಲ್ಲವನ್ನೂ ಬಟ್ಟೆಯೇ ದಾಖಲಿಸಿದರೆ ಅದು ಯಾರ ಕೈಗೆ ಹೋಗುತ್ತದೆ? ಟಾರ್ಗೆಟ್ ಏರಿಸಲು ಬಳಕೆಯಾದರೆ ನೀವು ಕಟ್ಟಿದ್ದು ಆಕೆಯ ಆರೋಗ್ಯದ ಸಾಧನವಾಗುವುದಿಲ್ಲ, ಆಕೆಯ ಮೈಮೇಲಿನ ಸೂಪರ್‌ವೈಸರ್ ಆಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಮುಖ್ಯವೆಂದು ಹೇಳುತ್ತದೆ, ಆದರೆ ಉದ್ಯೋಗದ ಉದ್ದೇಶಗಳಿಗೆ ಅದರಲ್ಲಿ ಸಡಿಲಿಕೆಯೂ ಇದೆ. ಕಾಯ್ದೆಯೊಂದನ್ನೇ ನಂಬಿ ಕೂರಬೇಡಿ. ಉಟ್ಟವರ ಫೋನಿನಲ್ಲಿ ಮಾತ್ರ ಮಾಹಿತಿ ಉಳಿಯುವಂತೆ, ಅವರು ಬೇಡವೆಂದರೆ ಅಳಿಸುವಂತೆ ಮೊದಲ ದಿನವೇ ವಿನ್ಯಾಸ ಮಾಡಿ.

ಹಣ, ನೆರವು ಎಲ್ಲಿ ಎಂದು ಕೇಳುವಿರಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊನೆಯ ವರ್ಷದ ಇಂಜಿನಿಯರಿಂಗ್ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುವ ಕಾರ್ಯಕ್ರಮ ನಡೆಸುತ್ತಿದೆ. ನಿಮ್ಮ ಮಾರ್ಗದರ್ಶಕರ ಮೂಲಕ ಅರ್ಜಿ ಹಾಕಿ. ಜವಳಿ ಪರೀಕ್ಷೆಯ ಸಲಹೆಗೆ ಬೆಂಗಳೂರಿನ ಸರ್ಕಾರಿ ಎಸ್‌ಕೆಎಸ್‌ಜೆಟಿಐ ಕಾಲೇಜಿನ ಜವಳಿ ವಿಭಾಗಕ್ಕೆ ಬರೆಯಿರಿ. ಓದು ಮುಗಿಸಿ ಇದನ್ನೇ ಉದ್ಯಮ ಮಾಡುವ ಧೈರ್ಯ ಬಂದರೆ, ಕೇಂದ್ರ ಸರ್ಕಾರ 2020ರಲ್ಲಿ 1,480 ಕೋಟಿ ರೂಪಾಯಿ ತೆಗೆದಿಟ್ಟು ಶುರುಮಾಡಿದ ರಾಷ್ಟ್ರೀಯ ತಾಂತ್ರಿಕ ಜವಳಿ ಮಿಷನ್ನಿನಡಿ ಹೊಸ ಉದ್ಯಮಿಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುವ ಯೋಜನೆ 2023ರಲ್ಲಿ ಬಂದಿದೆ. ಮೊದಲ ಹೆಜ್ಜೆಗೆ ಇಷ್ಟೆಲ್ಲ ಬೇಕಿಲ್ಲ. ಒಂದು ಮಲ್ಟಿಮೀಟರ್, ಸ್ವಲ್ಪ ವಾಹಕ ಬಟ್ಟೆ, ಒಂದು ಹೊಲಿಗೆ ಯಂತ್ರ, ಒಂದು ಒಗೆಯುವ ಕಲ್ಲು ಸಾಕು.

ಎಲೆಕ್ಟ್ರಾನಿಕ್ಸ್‌ನವರು ರಸಾಯನಶಾಸ್ತ್ರದವರನ್ನು ಹುಡುಕಿಕೊಂಡು ಹೋಗಿ. ಮಂಡ್ಯದವರು ಮಳವಳ್ಳಿಯ ರೇಷ್ಮೆ ಬೆಳೆಗಾರರ ಮನೆಗೆ, ಮದ್ದೂರಿನವರು ತಮ್ಮ ಬೀದಿಯ ಹೊಲಿಗೆಯ ಅಕ್ಕನ ಮನೆಗೆ ಹೋಗಿ. ಈ ವರ್ಷ ಕಾಲೇಜಿಗೊಂದು ತಂಡ, ತಂಡಕ್ಕೊಂದು ಲೇಪ, ಇಪ್ಪತ್ತು ಒಗೆತದ ಒಂದು ಪಟ್ಟಿ. ಅಷ್ಟನ್ನು ಮಾಡಿ, ಅದನ್ನು ಕನ್ನಡದಲ್ಲಿ ಬರೆದು ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಒಪ್ಪಿಸಿ ಎಂದು ನಿಮ್ಮೆಲ್ಲರಲ್ಲಿ ನನ್ನ ಕಳಕಳಿಯ ವಿನಂತಿ.

ಇಂತಿ,
ನಿಮ್ಮ ಏಳಿಗೆ ಬಯಸುವ,
ಮಂಡ್ಯ ಜಿಲ್ಲೆಯ ಒಬ್ಬ ಜವಳಿ ತಂತ್ರಜ್ಞ